ಹಳೆಯ ದಾಖಲಾತಿ ವಹಿಗಳನ್ನು ಸ್ಕ್ಯಾನ್ ಮಾಡಿಸಿದ ಮೇಲೆ ಮೂಲ ವಹಿಗಳನ್ನು ವಿಲೇವಾರಿ ಮಾಡಬಹುದೇ?

ಪ್ರಶ್ನೆ: ಪ್ರಥಮ ದರ್ಜೆ ಸಹಾಯಕಿ, ದಾವಣಗೆರೆ

ಮಾನ್ಯರೇ,

ದಾವಣಗೆರೆಯ ಒಂದು ಅನುದಾನಿತ ಪದವಿ ಕಾಲೇಜಿನ ಕಚೇರಿಯಲ್ಲಿ ನಾನು ವಿದ್ಯಾರ್ಥಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ದಾಖಲೆ ಕೊಠಡಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕಾಲದಿಂದ ಇಂದಿನವರೆಗಿನ ದಾಖಲಾತಿ ವಹಿಗಳು, ವರ್ಗಾವಣೆ ಪ್ರಮಾಣಪತ್ರದ ಕೌಂಟರ್ ಫಾಯಿಲ್‌ಗಳು, ವಿಶ್ವವಿದ್ಯಾನಿಲಯದಿಂದ ಬಂದ ಫಲಿತಾಂಶ ಪಟ್ಟಿಗಳು, ಪ್ರವೇಶ ಅರ್ಜಿಗಳು, ವಿದ್ಯಾರ್ಥಿವೇತನದ ಕಡತಗಳು, ಹಾಜರಿ ಪುಸ್ತಕಗಳು ಎಲ್ಲವೂ ಒಟ್ಟಿಗೆ ತುಂಬಿಕೊಂಡಿವೆ. ಆ ಕೊಠಡಿಯನ್ನು ತರಗತಿಯಾಗಿ ಪರಿವರ್ತಿಸಲು ಆಡಳಿತ ಮಂಡಳಿ ನಿರ್ಧರಿಸಿದೆ. ಪುಟಕ್ಕೆ ಇಷ್ಟು ಎಂದು ದರ ಹೇಳಿರುವ ಒಬ್ಬ ಏಜೆನ್ಸಿಯವರು ಎಲ್ಲವನ್ನೂ ಸ್ಕ್ಯಾನ್ ಮಾಡಿ ತಮ್ಮದೇ ಕ್ಲೌಡ್‌ನಲ್ಲಿ ಇಟ್ಟುಕೊಡುವುದಾಗಿಯೂ, ಬಳಿಕ ಕಾಗದವನ್ನು ರದ್ದಿಗೆ ಹಾಕಬಹುದೆಂದೂ ಹೇಳುತ್ತಿದ್ದಾರೆ.

ನನಗೆ ಮೂರು ಸಂದೇಹಗಳಿವೆ. ಸ್ಕ್ಯಾನ್ ಆದ ಮೇಲೆ ಮೂಲ ವಹಿಗಳನ್ನು ನಾಶಪಡಿಸಲು ಕಾಲೇಜಿಗೆ ಅಧಿಕಾರವಿದೆಯೇ? ಹೊರಗಿನ ಏಜೆನ್ಸಿಯ ಕೈಗೆ ಸಾವಿರಾರು ವಿದ್ಯಾರ್ಥಿಗಳ ಜಾತಿ, ವರಮಾನ, ಆಧಾರ್, ಬ್ಯಾಂಕ್ ಖಾತೆಯ ವಿವರಗಳನ್ನು ಕೊಡುವುದು ಸರಿಯೇ? ಯುಯುಸಿಎಂಎಸ್ (ಪ್ರವೇಶ, ಪರೀಕ್ಷೆಗಳನ್ನು ನಿರ್ವಹಿಸುವ ರಾಜ್ಯದ ಏಕೀಕೃತ ತಂತ್ರಾಂಶ) ಮತ್ತು ಡಿಜಿಲಾಕರ್ ಬಂದ ಮೇಲೆ ಕಾಲೇಜಿನ ಹಂತದಲ್ಲಿ ಪ್ರತ್ಯೇಕ ದಾಖಲೆ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ ಎಂದು ನಮ್ಮ ಕೆಲವು ಸಹೋದ್ಯೋಗಿಗಳು ವಾದಿಸುತ್ತಾರೆ; ಅದು ನಿಜವೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಅಧೀಕ್ಷಕರು, ಪರೀಕ್ಷಾ ವಿಭಾಗ

ಮೇಡಂ, ಕೊಠಡಿ ತೆರವುಗೊಳಿಸುವ ಅವಸರದಲ್ಲಿ ಅಲ್ಲಿರುವ ಕಾಗದವನ್ನೆಲ್ಲ ಒಂದೇ ರಾಶಿಯೆಂದು ಎಣಿಸಬೇಡಿ. ನೀವು ಹೇಳಿದ ದಾಖಲೆಗಳಲ್ಲಿ ಕೆಲವು ನಿಮ್ಮ ಕಾಲೇಜಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದಂಥವು. ಕೆಲವಕ್ಕೆ ಮೂಲ ಬೇರೆ ಕಡೆ ಇದ್ದು ನಿಮ್ಮಲ್ಲಿರುವುದು ಪ್ರತಿ ಮಾತ್ರ. ಉಳಿದವು ಉದ್ದೇಶ ತೀರಿದ ಮೇಲೂ ಯಾರೂ ಕೇಳದೆ ಕುಳಿತಿರುವಂಥವು. ಈ ಮೂರನ್ನು ಬೇರ್ಪಡಿಸದೆ ಸ್ಕ್ಯಾನಿಂಗ್‌ಗೆ ಹಣ ಸುರಿಯುವುದೆಂದರೆ, ಬೇಡದ್ದಕ್ಕೂ ಬೇಕಾದದ್ದಕ್ಕೂ ಒಂದೇ ದರ ಕೊಟ್ಟಂತೆ.

ದಾಖಲಾತಿ ವಹಿ ಮತ್ತು ವರ್ಗಾವಣೆ ಪ್ರಮಾಣಪತ್ರದ ಕೌಂಟರ್ ಫಾಯಿಲ್ ಮೊದಲನೆಯ ಬಗೆಗೆ ಸೇರುತ್ತವೆ. ಒಬ್ಬ ವಿದ್ಯಾರ್ಥಿ ಯಾವ ದಿನಾಂಕದಂದು ಸೇರಿದ, ಯಾವ ಜನ್ಮದಿನಾಂಕ ಕೊಟ್ಟ, ಯಾವ ದಿನ ಯಾವ ಕಾರಣಕ್ಕೆ ಕಾಲೇಜು ಬಿಟ್ಟ ಎಂಬುದನ್ನು ವಿಶ್ವವಿದ್ಯಾನಿಲಯ ಹೇಳಲಾರದು. ಈ ವಹಿಗಳು ಹೋದರೆ ಅವನ್ನು ಮತ್ತೆ ಕಟ್ಟಲು ಯಾವ ದಾರಿಯೂ ಇಲ್ಲ. ಅವನ್ನು ಶಾಶ್ವತವಾಗಿ, ಕಾಗದದ ರೂಪದಲ್ಲಿಯೇ ಉಳಿಸಿಕೊಳ್ಳಿ. ಸ್ಕ್ಯಾನ್ ಪ್ರತಿಯಿರುವುದು ಮೂಲ ವಹಿಯನ್ನು ದಿನಕ್ಕೆ ನಾಲ್ಕು ಬಾರಿ ತೆಗೆದು ಹಾಕುವುದು ತಪ್ಪಲಿ ಎಂಬುದಕ್ಕೆ.

ಅಂಕಗಳ ವಿಚಾರ ಬೇರೆ. ಅಂಕಗಳ ಮೂಲ ದಾಖಲೆ ವಿಶ್ವವಿದ್ಯಾನಿಲಯದ್ದು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆಯ ಪ್ರಕಾರ ವಿಶ್ವವಿದ್ಯಾನಿಲಯದ ದಾಖಲೆಗಳ ಪಾಲಕರು ಕುಲಸಚಿವರು. ಪರೀಕ್ಷೆಯ ಹೊಣೆ ಕುಲಸಚಿವರು (ಮೌಲ್ಯಮಾಪನ) ಅವರದು. ಆದರೆ ನಮ್ಮ ಭಾಗದ ಕಾಲೇಜುಗಳಿಗೆ ಇಲ್ಲೊಂದು ತೊಡಕು ಇದೆ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಅವಿಭಜಿತ ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ಮೈಸೂರಿನ ವ್ಯಾಪ್ತಿಯಲ್ಲಿದ್ದವು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಹಾಗಾಗಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಮೂರು ತಲೆಮಾರಿನವರಲ್ಲಿ 1983ರಲ್ಲಿ ಬಿ.ಎ. ಮುಗಿಸಿದವರ ಅಂಕ ಮೈಸೂರಿನ ಮಾನಸಗಂಗೋತ್ರಿಯದು, 1995ರವರದು ಶಂಕರಘಟ್ಟದ್ದು, 2015ರವರದು ಶಿವಗಂಗೋತ್ರಿಯದು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಈ ಗಂಟು ಇನ್ನೂ ಬಿಗಿ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ 1996ರಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ 1998ರಲ್ಲಿ ಬಂದವು.

ಸಂಧಿಕಾಲದಲ್ಲಿ ಒಂದು ವಿಶ್ವವಿದ್ಯಾನಿಲಯದಡಿ ಸೇರಿ, ವಿಷಯಗಳನ್ನು ಬಾಕಿ ಉಳಿಸಿಕೊಂಡು, ವರ್ಷಗಳ ನಂತರ ಪರೀಕ್ಷೆ ಕಟ್ಟಿ ತೇರ್ಗಡೆಯಾದವರೇ ಎಲ್ಲ ಕಡೆ ಅಲೆಯುವವರು. ಅವರ ಕೈಯಲ್ಲಿ ನಕಲು ಅಂಕಪಟ್ಟಿಗೆ ಅರ್ಜಿ ಹಾಕಲು ಬೇಕಾದ ನೋಂದಣಿ ಸಂಖ್ಯೆಯೂ ಇರುವುದಿಲ್ಲ. ಅಂಥವರಿಗೆ ದಾರಿ ತೋರಿಸುವುದು ನಿಮ್ಮಲ್ಲಿರುವ ಫಲಿತಾಂಶ ಪಟ್ಟಿಯ ಪ್ರತಿ. ಅದು ಮೂಲವಲ್ಲ, ನಿಜ. ಆದರೂ ನಾನಾಗಿದ್ದರೆ 2009ಕ್ಕಿಂತ ಹಿಂದಿನ ಒಂದು ಪಟ್ಟಿಯನ್ನೂ ರದ್ದಿಗೆ ಕೊಡುತ್ತಿರಲಿಲ್ಲ. ಸೂಚಿಯನ್ನು ತಯಾರಿಸುವಾಗ ಹೆಸರು, ಸೇರಿದ ವರ್ಷ, ನೋಂದಣಿ ಸಂಖ್ಯೆಗಳ ಜೊತೆಗೆ ವಿಶ್ವವಿದ್ಯಾನಿಲಯದ ಹೆಸರಿಗೆ ಒಂದು ಕಾಲಂ ಕಡ್ಡಾಯವಾಗಿ ಇರಲಿ.

ಮೂರನೆಯ ಬಗೆಗೆ, ಅಂದರೆ ಹಳೆಯ ಪ್ರವೇಶ ಅರ್ಜಿ, ಹಾಜರಿ ಪುಸ್ತಕ, ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಇತ್ಯಾದಿಗಳಿಗೆ, ಕಾಲಮಿತಿ ನಿಗದಿಪಡಿಸಿ. ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ವರ್ಗೀಕರಿಸಿ ಎ ವರ್ಗವನ್ನು ಶಾಶ್ವತವಾಗಿ, ಬಿ ವರ್ಗವನ್ನು 30 ವರ್ಷ, ಸಿ ವರ್ಗವನ್ನು 10 ವರ್ಷ, ಡಿ ವರ್ಗವನ್ನು 5 ವರ್ಷ ಕಾಯ್ದಿಡುವ ಪದ್ಧತಿಯನ್ನೇ ಮಾದರಿಯಾಗಿಟ್ಟುಕೊಳ್ಳಬಹುದು. ಲೆಕ್ಕಪರಿಶೋಧನೆ ಮುಗಿಯದ ಅಥವಾ ನ್ಯಾಯಾಲಯದಲ್ಲಿ ವ್ಯಾಜ್ಯವಿರುವ ವರ್ಷದ ಕಡತವನ್ನು ಅವಧಿ ಮೀರಿದ್ದರೂ ಮುಟ್ಟಬಾರದು. ವಿಲೇವಾರಿಗೆ ಪ್ರಾಂಶುಪಾಲರ ಅಧ್ಯಕ್ಷತೆಯಲ್ಲಿ ಸಮಿತಿ, ಕಡತವಾರು ಪಟ್ಟಿ, ನಡಾವಳಿ ಮತ್ತು ಅನುದಾನಿತ ಕಾಲೇಜಾದ್ದರಿಂದ ಕಾಲೇಜು ಶಿಕ್ಷಣ ಇಲಾಖೆಯ ಲಿಖಿತ ಒಪ್ಪಿಗೆ ಇರಲಿ. ರದ್ದಿಯವರಿಗೆ ತೂಕಕ್ಕೆ ಹಾಕಬೇಡಿ. ನಿಮ್ಮ ಕಣ್ಣೆದುರಿಗೇ ಚೂರು ಮಾಡಿಸಿ. ಮಿರ್ಚಿ ಮಂಡಕ್ಕಿ ಕಟ್ಟಿಕೊಟ್ಟ ಕಾಗದದಲ್ಲಿ ವಿದ್ಯಾರ್ಥಿನಿಯೊಬ್ಬಳ ಫೋಟೊ, ವಿಳಾಸ ಕಾಣಿಸಿಕೊಳ್ಳಬಾರದು.

ಉಳಿಸಿಕೊಳ್ಳುವ ವಹಿಗಳ ಪಾಲನೆ ಕುರಿತು ಎರಡು ಮಾತು. ಹರಿದ ಹಾಳೆಗೆ ಸೆಲ್ಲೊಟೇಪ್ ಹಚ್ಚಬಾರದು, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಂಟು ಕಂದಿ, ಅಕ್ಷರವನ್ನು ನುಂಗಿಬಿಡುತ್ತದೆ. ಸ್ಕ್ಯಾನ್ ಮಾಡುವವರು ಅನುಕೂಲಕ್ಕೆಂದು ಹೊಲಿಗೆ ಬಿಚ್ಚಲು ಕೇಳಿದರೆ ಒಪ್ಪಬೇಡಿ; ಬಿಡಿಯಾದ ಹಾಳೆಯನ್ನು ಬದಲಿಸುವುದು ಸುಲಭ. ಕಾರ್ಯಾರಂಭಕ್ಕೆ ಮುನ್ನ ಪ್ರತಿ ವಹಿಯ ಪುಟಗಳಿಗೆ ಸಂಖ್ಯೆ ಹಾಕಿ, ಮೊದಲ ಹಾಳೆಯಲ್ಲಿ ಒಟ್ಟು ಪುಟಗಳೆಷ್ಟು ಎಂಬ ದೃಢೀಕರಣಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಪಡೆಯಿರಿ. ಸ್ಟೀಲ್ ರ‍್ಯಾಕ್‌ಗಳನ್ನು ಗೋಡೆಗೆ ಆನಿಸದೆ ನಿಲ್ಲಿಸಿ, ಕೆಳಗಿನ ತಟ್ಟೆ ನೆಲದಿಂದ ಮೇಲಿರಲಿ. ನಮ್ಮ ಬಯಲುಸೀಮೆಯಲ್ಲಿ ತೇವಕ್ಕಿಂತ ಗೆದ್ದಲಿನ ಕಾಟವೇ ಹೆಚ್ಚು, ಅದು ಗೋಡೆಯ ಮೂಲಕವೇ ಹತ್ತುತ್ತದೆ.

ಉತ್ತರ: ವಕೀಲರು, ಚಿತ್ರದುರ್ಗ

ಅಧೀಕ್ಷಕರ ಮಾತಿಗೆ ಕಾನೂನಿನ ದೃಷ್ಟಿಯಿಂದ ಸ್ವಲ್ಪ ಸೇರಿಸುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೀರುವಿನಲ್ಲಿರುವ ಕಾಗದದ ವಹಿಗೆ ಅನ್ವಯಿಸುವುದಿಲ್ಲ. ಆದರೆ ಕಾಗದದಲ್ಲಿ ಪಡೆದ ಮಾಹಿತಿಯನ್ನು ಬಳಿಕ ಡಿಜಿಟಲ್ ರೂಪಕ್ಕೆ ತಂದರೆ ಅದಕ್ಕೆ ಅನ್ವಯಿಸುತ್ತದೆ. ಅಂದರೆ ಸ್ಕ್ಯಾನಿಂಗ್ ಎಂಬುದು ಕಾಲೇಜಿನ ಹೊಣೆಯನ್ನು ಇಳಿಸುವ ಕೆಲಸವಲ್ಲ, ಏರಿಸುವ ಕೆಲಸ. ನಲವತ್ತು ವರ್ಷಗಳ ವಿದ್ಯಾರ್ಥಿವೇತನ ಅರ್ಜಿಗಳನ್ನು ಸ್ಕ್ಯಾನ್ ಮಾಡಿಸುವ ಮುನ್ನ ಅವು ಏಕೆ ಬೇಕು ಎಂದು ಆಡಳಿತ ಮಂಡಳಿ ಕೇಳಿಕೊಳ್ಳಲಿ. ಉದ್ದೇಶ ತೀರಿದ, ಬೇರಾವ ಕಾನೂನೂ ಇಟ್ಟುಕೊಳ್ಳಲು ಹೇಳದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂಬುದೇ ಆ ಕಾಯ್ದೆಯ ಆಶಯ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಯಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಒಂದು ಪದವಿ ಕಾಲೇಜಿಗೆ ಅಷ್ಟು ವಿಧಿಸುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಆಡಳಿತ ಮಂಡಳಿಯ ಸಭೆಯಲ್ಲಿ ಆ ಅಂಕಿಯನ್ನು ಓದಿ ಹೇಳಿದರೆ ಚರ್ಚೆ ಗಂಭೀರವಾಗುವುದನ್ನು ನೋಡಿದ್ದೇನೆ.

ಏಜೆನ್ಸಿಯ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ: ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಕಾಲೇಜಿನದೇ. ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ ವಿದ್ಯಾರ್ಥಿಯ ಎದುರು ಉತ್ತರ ಹೇಳಬೇಕಾದವರು ನೀವು. ಆದುದರಿಂದ ಸ್ಕ್ಯಾನಿಂಗ್ ಕಾಲೇಜಿನ ಆವರಣದಲ್ಲೇ ನಡೆಯಬೇಕು, ಪ್ರತಿಗಳು ಕಾಲೇಜಿನ ಸಾಧನದಲ್ಲೇ ಉಳಿಯಬೇಕು, ಏಜೆನ್ಸಿಯವರು ಯಾವ ಪ್ರತಿಯನ್ನೂ ಇಟ್ಟುಕೊಂಡಿಲ್ಲವೆಂದು ಲಿಖಿತವಾಗಿ ದೃಢೀಕರಿಸಬೇಕು.

ಮೂಲ ವಹಿಯನ್ನು ಉಳಿಸಿಕೊಳ್ಳಬೇಕೆನ್ನುವುದಕ್ಕೆ ಸಾಕ್ಷ್ಯದ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಲಗತ್ತಿಸಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಸ್ವಲ್ಪ ಬದಲಾದರೂ ತಾನೂ ಬದಲಾಗುವ ಗುರುತು ಸಂಖ್ಯೆ) ನಮೂದಿಸಬೇಕು. ಯಾರೋ ಎಂದೋ ಸ್ಕ್ಯಾನ್ ಮಾಡಿ ಹೋದ ಕಡತಕ್ಕೆ ಹತ್ತು ವರ್ಷಗಳ ನಂತರ ಯಾವ ಗುಮಾಸ್ತರು ಧೈರ್ಯವಾಗಿ ಸಹಿ ಹಾಕುತ್ತಾರೆ? ಜನ್ಮದಿನಾಂಕದ ವ್ಯಾಜ್ಯವೊಂದರಲ್ಲಿ ಆ ನಮೂದನ್ನು ತಿದ್ದಲಾಗಿದೆಯೇ, ಶಾಯಿ ಬೇರೆಯೇ ಎಂಬ ಪ್ರಶ್ನೆ ಎದ್ದರೆ ಸ್ಕ್ಯಾನ್ ಪ್ರತಿಯಿಂದ ಉತ್ತರ ಸಿಗುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗಳ ಬಗ್ಗೆ ನೀವು ಕೇಳಿಲ್ಲ. ಆದರೂ ದಾಖಲೆ ಕಾಯ್ದಿಡುವ ಅವಧಿಗೂ ಅದಕ್ಕೂ ನಂಟು ಇರುವುದರಿಂದ ಹೇಳುತ್ತೇನೆ. ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪಿತ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಜೊತೆಗೆ, ನಿಯಮದ ಪ್ರಕಾರ ಅವನ್ನು ಕಾಯ್ದಿಡುವ ಅವಧಿಯವರೆಗೆ ಮಾತ್ರ ಆ ಹೊಣೆ ಎಂದೂ ಹೇಳಿದೆ. ಕಾಯ್ದಿಡುವ ಅವಧಿಯನ್ನೇ ಬರೆದಿಡದ ಸಂಸ್ಥೆ 'ನಾಶಪಡಿಸಲಾಗಿದೆ' ಎಂದು ಉತ್ತರಿಸಿದರೆ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.

ಉತ್ತರ: ಗಣಕ ವಿಭಾಗ, ದಾವಣಗೆರೆ

ಡಿಜಿಲಾಕರ್ ಕುರಿತು ನಿಮ್ಮ ಸಹೋದ್ಯೋಗಿಗಳ ವಾದದಲ್ಲಿ ಅರ್ಧ ಸತ್ಯವಿದೆ. ವಿಶ್ವವಿದ್ಯಾನಿಲಯವೇ ನೇರವಾಗಿ ಡಿಜಿಲಾಕರ್‌ಗೆ ನೀಡಿದ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2016ರ ಡಿಜಿಟಲ್ ಲಾಕರ್ ನಿಯಮಗಳು ಮೂಲ ದಾಖಲೆಗೆ ಸಮನಾದ ಸ್ಥಾನ ಕೊಟ್ಟಿವೆ. ವಿದ್ಯಾರ್ಥಿಯೇ ಮೊಬೈಲಿನಲ್ಲಿ ಫೋಟೊ ತೆಗೆದು ಅಲ್ಲಿ ಅಪ್‌ಲೋಡ್ ಮಾಡಿದ್ದಕ್ಕೆ ಆ ಸ್ಥಾನವಿಲ್ಲ. ಪ್ರವೇಶದ ವೇಳೆ ಈ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುವ ಕಚೇರಿಗಳಿವೆ. ಯುಯುಸಿಎಂಎಸ್ ಇರುವುದು ಇತ್ತೀಚಿನ ತಂಡಗಳಿಗೆ. 1992ರಲ್ಲಿ ಓದಿದವರ ದಾಖಲಾತಿ ವಿವರ ಅಲ್ಲಿ ಇಲ್ಲ.

ನನ್ನ ಅನುಭವದಲ್ಲಿ ಮಾಹಿತಿ ಸೋರುವುದು ಎಲ್ಲೋ ಕುಳಿತ ಹ್ಯಾಕರ್‌ನಿಂದಲ್ಲ. ವಿದ್ಯಾರ್ಥಿವೇತನ ತಂತ್ರಾಂಶಕ್ಕೆ ವಿವರ ತುಂಬುವ ಕೊನೆಯ ದಿನ ಹತ್ತಿರ ಬಂದಾಗ, ತರಗತಿಯ ಎಲ್ಲರ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಖಾತೆ ಸಂಖ್ಯೆ ಇರುವ ಎಕ್ಸೆಲ್ ಹಾಳೆಯನ್ನು 'ನಿಮ್ಮ ವಿವರ ಸರಿಯಿದೆಯೇ ನೋಡಿಕೊಳ್ಳಿ' ಎಂದು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ನೂರು ಮೊಬೈಲುಗಳಿಗೆ ಇಳಿದ ಆ ಹಾಳೆಯನ್ನು ಮರಳಿ ಪಡೆಯಲು ಯಾವ ತಂತ್ರಜ್ಞಾನವೂ ಇಲ್ಲ. ಅಥವಾ ಪ್ರಾಂಶುಪಾಲರ ಲಾಗಿನ್‌ನ ಪಾಸ್‌ವರ್ಡ್ ಅನ್ನು ಹೊರಗುತ್ತಿಗೆಯ ಡೇಟಾ ಎಂಟ್ರಿ ಸಿಬ್ಬಂದಿಗೆ ಚೀಟಿಯಲ್ಲಿ ಬರೆದುಕೊಡುತ್ತಾರೆ; ಅವರು ಕೆಲಸ ಬಿಟ್ಟು ಹೋದರೂ ಪಾಸ್‌ವರ್ಡ್ ಬದಲಾಗುವುದಿಲ್ಲ. ನಾಳೆ ಒಂದು ನಮೂದು ತಿದ್ದುಪಡಿಯಾದರೆ ಯಾರು ತಿದ್ದಿದರೆಂದು ಲಾಗ್ ನೋಡಿದಾಗ ಸಿಗುವುದು ಪ್ರಾಂಶುಪಾಲರ ಹೆಸರು. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಅವರ ಕೆಲಸಕ್ಕೆ ಬೇಕಾದಷ್ಟೇ ನೋಟ, ನಮೂದಿಸಿದವರೇ ಅನುಮೋದಿಸದಿರುವ ವ್ಯವಸ್ಥೆ: ಹೊಸ ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ಇಷ್ಟನ್ನು ಜಾರಿಗೆ ತಂದರೆ ಬಹುಪಾಲು ಕೆಲಸ ಆದಂತೆಯೇ.

ಆಧಾರ್ ನಕಲನ್ನು ಅರ್ಜಿಯ ಜೊತೆ ಪಿನ್ ಮಾಡಿಸಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ಗುರುತಿಗೆ ಸಾಕೆನಿಸಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪಡೆಯಬಹುದು. ತಾತ್ಕಾಲಿಕ ಪ್ರಮಾಣಪತ್ರ ಮತ್ತು ಪದವಿ ಪ್ರಮಾಣಪತ್ರಗಳ ಮೇಲೆ ಪೂರ್ಣ ಆಧಾರ್ ಸಂಖ್ಯೆ ಮುದ್ರಿಸಬಾರದೆಂದು ಯುಜಿಸಿ 2023ರಲ್ಲೇ ವಿಶ್ವವಿದ್ಯಾನಿಲಯಗಳಿಗೆ ತಿಳಿಸಿದೆ.

ಸ್ಕ್ಯಾನ್ ಪ್ರತಿಗಳ ವಿಷಯಕ್ಕೆ ಬಂದರೆ, ಕನಿಷ್ಠ 300 ಡಿಪಿಐ, ಬಣ್ಣದಲ್ಲಿ ಮಾಡಿಸಿ; ಕಪ್ಪು-ಬಿಳುಪಿನಲ್ಲಿ ಕೆಂಪು ಶಾಯಿಯ ತಿದ್ದುಪಡಿಯೂ ಮೂಲ ನಮೂದೂ ಒಂದೇ ರೀತಿ ಕಾಣುತ್ತವೆ. ಕಡತಗಳನ್ನು ದೀರ್ಘಕಾಲ ಕಾಯ್ದಿಡಲೆಂದೇ ಇರುವ ಪಿಡಿಎಫ್-ಎ ಮಾದರಿಯಲ್ಲಿ ಉಳಿಸಿ. ಅಂದೇ ಪ್ರತಿ ಕಡತದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಆ ಪಟ್ಟಿಯನ್ನು ಮುದ್ರಿಸಿ ಪ್ರಾಂಶುಪಾಲರ ಸಹಿಯೊಂದಿಗೆ ಕಾಗದದಲ್ಲಿಡಿ. ವಕೀಲರು ಹೇಳಿದ ಪ್ರಮಾಣಪತ್ರಕ್ಕೆ ಆಧಾರ ಇದರಿಂದಲೇ ಸಿಗುತ್ತದೆ. ಮೂರು ಪ್ರತಿಗಳಿರಲಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಚುಚ್ಚಿಟ್ಟಿರಬೇಡಿ, ಏಕೆಂದರೆ ಒತ್ತೆ ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿದರೆ ಅದಕ್ಕೂ ಬೀಗ ಬೀಳುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ಒಂದಿಷ್ಟು ಕಡತಗಳನ್ನು ಹೊರತೆಗೆದು ತೆರೆದು ನೋಡಿ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದೂ, 180 ದಿನಗಳ ಲಾಗ್‌ಗಳನ್ನು ಉಳಿಸಿಕೊಳ್ಳಬೇಕೆಂದೂ 2022ರ ಏಪ್ರಿಲ್ ತಿಂಗಳ ನಿರ್ದೇಶನವಿದೆ. ಯಾರು ವರದಿ ಮಾಡಬೇಕೆಂಬುದನ್ನು ಈಗಲೇ ಕಚೇರಿ ಆದೇಶದಲ್ಲಿ ಹೆಸರಿಸಿಡಿ.

ಉತ್ತರ: ಪ್ರಮಾಣಪತ್ರ ಪರಿಶೀಲನೆಯ ಉದ್ಯೋಗಿ, ಮೂಲ ಊರು ಹಿರಿಯೂರು

ನಾನು ಬೆಂಗಳೂರಿನಲ್ಲಿ ಕಂಪನಿಗಳಿಗಾಗಿ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಒಬ್ಬ ಅಭ್ಯರ್ಥಿ ಓದಿದ್ದು ನಿಜವೇ ಎಂದು ಇಮೇಲ್‌ನಲ್ಲಿ ಕೇಳಿದಾಗ ಒಂದು ಕಾಲೇಜಿನವರು ದಾಖಲಾತಿ ವಹಿಯ ಇಡೀ ಪುಟದ ಫೋಟೊ ಕಳುಹಿಸಿದರು. ಅದರಲ್ಲಿ ಉಳಿದ ವಿದ್ಯಾರ್ಥಿಗಳ ಜಾತಿ, ತಂದೆಯ ಉದ್ಯೋಗ, ಮನೆಯ ವಿಳಾಸ ಎಲ್ಲವೂ ಇದ್ದವು. ನಮಗೆ ಬೇಕಿದ್ದುದು ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ. ಕೇಳುವವರು ಅಭ್ಯರ್ಥಿಯ ಸಹಿ ಇರುವ ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದಾರೆಯೇ ನೋಡಿ, ಕಾಲೇಜಿನ ಅಧಿಕೃತ ಇಮೇಲ್‌ನಿಂದಲೇ ಉತ್ತರಿಸಿ, ಯಾವ ದಿನಾಂಕ ಯಾರಿಗೆ ಏನು ಕಳುಹಿಸಿದಿರೆಂದು ಒಂದು ವಹಿಯಲ್ಲಿ ಬರೆದಿಡಿ. ದೂರವಾಣಿಯಲ್ಲಿ ಕೇಳಿದವರಿಗೆ ಏನನ್ನೂ ಹೇಳಬೇಡಿ. ಮದುವೆ ಸಂಬಂಧ ವಿಚಾರಿಸುವವರೂ ಕಂಪನಿಯ ಹೆಸರು ಹೇಳಿಕೊಂಡು ಕರೆ ಮಾಡುವುದುಂಟು.

ಪ್ರಶ್ನೆ ಕೇಳಿದವರು: ಪ್ರಥಮ ದರ್ಜೆ ಸಹಾಯಕಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ದಾಖಲಾತಿ ವಹಿ, ಕೌಂಟರ್ ಫಾಯಿಲ್ ಮತ್ತು ಹಳೆಯ ಫಲಿತಾಂಶ ಪಟ್ಟಿಗಳನ್ನು ಗ್ರಂಥಾಲಯದ ಮೇಲಿನ ಕೊಠಡಿಗೆ ಸ್ಥಳಾಂತರಿಸಿ, ಅವನ್ನು ಮಾತ್ರ ಆವರಣದಲ್ಲೇ ಸ್ಕ್ಯಾನ್ ಮಾಡಿಸುವಂತೆ ಟಿಪ್ಪಣಿ ಮಂಡಿಸುತ್ತಿದ್ದೇನೆ. ಉಳಿದವಕ್ಕೆ ಸಮಿತಿ ರಚಿಸಲು ಕೋರಿದ್ದೇನೆ. ಇನ್ನೊಂದು ಸಂಗತಿ ಉಳಿದಿದೆ. ಹಿಂದೆ ಇದ್ದವರು ಒಂದಷ್ಟು ವರ್ಷಗಳ ಸೂಚಿಯನ್ನು ಹಳೆಯ 'ನುಡಿ' ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅಲ್ಲದೆ ಅವರು ವಹಿಯಲ್ಲಿದ್ದ ಕೆಲವು ಹೆಸರು, ಜಿಲ್ಲೆಗಳನ್ನು 'ಸರಿಪಡಿಸಿ' ಬರೆದಂತಿದೆ. ಇದನ್ನು ಬಳಸಬಹುದೇ, ಅಥವಾ ಹೊಸದಾಗಿ ಮಾಡಬೇಕೇ?

ಉತ್ತರ: ಗಣಕ ವಿಭಾಗ, ದಾವಣಗೆರೆ

ಚಿಹ್ನೆಗಳ ತೊಂದರೆಗೆ ಪರಿಹಾರವಿದೆ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಆನ್‌ಲೈನ್ ಪರಿವರ್ತಕದಲ್ಲಿ ಅಂಟಿಸಬೇಡಿ, ಕಂಪ್ಯೂಟರಿನಲ್ಲೇ ಕೆಲಸ ಮಾಡುವುದನ್ನು ಬಳಸಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು, ಹೆಸರುಗಳನ್ನು ಒಂದೊಂದಾಗಿ ವಹಿಯೊಡನೆ ತಾಳೆ ನೋಡಲೇಬೇಕು.

ಉತ್ತರ: ನಿವೃತ್ತ ಅಧೀಕ್ಷಕರು, ಪರೀಕ್ಷಾ ವಿಭಾಗ

ಮೇಡಂ, ಆ ಸೂಚಿಯನ್ನು ಹುಡುಕುವುದಕ್ಕೆ ಮಾತ್ರ ಬಳಸಿ. ಅದರ ಆಧಾರದ ಮೇಲೆ ಯಾವ ಪ್ರಮಾಣಪತ್ರವನ್ನೂ ಕೊಡಬೇಡಿ. 1997ಕ್ಕೆ ಮುಂಚೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಂದಿನ ವಹಿಯಲ್ಲಿ ಬರೆದಿರುವ ಜಿಲ್ಲೆ ಅಂದಿಗೆ ಸರಿಯಾಗಿಯೇ ಇದೆ. ಹೆಸರಿನ ಇನಿಷಿಯಲ್‌ಗಳೂ ಹಾಗೆಯೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿತ್ತೋ ಹಾಗೆ ವಹಿಯಲ್ಲಿ ಬರೆದಿರುತ್ತಾರೆ, ಅದನ್ನು ನಾವು ಬಿಡಿಸಿ ಬರೆಯಲು ಹೋದರೆ ಆ ವ್ಯಕ್ತಿಯ ಪಾಸ್‌ಪೋರ್ಟ್‌ಗೂ ಪದವಿಗೂ ಹೊಂದಾಣಿಕೆಯಾಗದೆ ಅವರು ಅಫಿಡವಿಟ್ ಹಿಡಿದು ತಿರುಗಬೇಕಾಗುತ್ತದೆ. ಹೊಸ ಸೂಚಿಯಲ್ಲಿ 'ವಹಿಯಲ್ಲಿರುವಂತೆ' ಎಂದು ಒಂದು ಕಾಲಂ ಇಟ್ಟು ಅಕ್ಷರಕ್ಕೆ ಅಕ್ಷರ ನಕಲು ಮಾಡಿಸಿ. ಹುಡುಕಲು ಅನುಕೂಲವಾಗುವ ರೂಪವನ್ನು ಪಕ್ಕದ ಕಾಲಂನಲ್ಲಿ ಕೊಡಿ. ನಮೂದು ನಿಜವಾಗಿಯೂ ತಪ್ಪಾಗಿದ್ದರೆ ಅರ್ಜಿ, ಆಧಾರ ದಾಖಲೆ, ಪ್ರಾಂಶುಪಾಲರ ಆದೇಶ ಇವುಗಳೊಂದಿಗೆ ಮೂಲ ವಹಿಯಲ್ಲೇ ಒಂದು ಗೆರೆ ಎಳೆದು, ಹಳೆಯದು ಓದಲು ಬರುವಂತೆ ಉಳಿಸಿ, ಮೇಲೆ ಬರೆದು ಸಹಿ ಮಾಡಬೇಕು. ಬಳಿಕ ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿಸಿ ಹಳೆಯ ಪ್ರತಿಯ ಜೊತೆಗೇ ಇಡಿ, ಅದನ್ನು ಅಳಿಸಬೇಡಿ.